‘ನಿನ್ನೆವರೆಗೂ ಚೆನ್ನಾಗೇ ಇತ್ತಲ್ಲ ಡಾಕ್ಟ್ರೇ’

ಮುಂಬೈಯ ಮುಲುಂಡಿನ ನನ್ನ ಕ್ಲಿನಿಕ್ಕಿಗೆ ಬೆಕ್ಕು, ಮೊಲ, ಹಕ್ಕಿಗಳನ್ನು ತರುವವರು ಬ್ಯಾಗಿನ ಜಿಪ್ ತೆಗೆಯುವ ಮೊದಲೇ ಹೇಳುವ ಮಾತು ಒಂದೇ: ‘ನಿನ್ನೆವರೆಗೂ ಚೆನ್ನಾಗೇ ಇತ್ತಲ್ಲ ಡಾಕ್ಟ್ರೇ.’ ಕನ್ನಡದಲ್ಲಿ, ತುಳುವಿನಲ್ಲಿ, ಮರಾಠಿಯಲ್ಲಿ ಇದನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಯಾರೂ ಸುಳ್ಳು ಹೇಳುವುದಿಲ್ಲ, ಅವರ ಕಣ್ಣಿಗೆ ಅದು ಚೆನ್ನಾಗೇ ಇತ್ತು. ಆದರೆ ಮೇಜಿನ ಮೇಲೆ ಕೂರಿಸಿದ ಬೆಕ್ಕಿನ ಬೆನ್ನಿಗೆ ಕೈಯಾಡಿಸಿದರೆ ಮೂಳೆಗಳು ಒಂದೊಂದಾಗಿ ಎಣಿಕೆಗೆ ಸಿಗುತ್ತವೆ. ಅಷ್ಟು ಸೊರಗಲು ಒಂದು ರಾತ್ರಿ ಸಾಲದು.

ಮುಂದಿನ ಪ್ರಶ್ನೆಯೂ ಗೊತ್ತಿದ್ದದ್ದೇ. ‘ನೋವಿದ್ದಿದ್ದರೆ ಕೂಗ್ತಿರಲಿಲ್ವಾ?’

ಕೂಗುವುದಿಲ್ಲ. ದಯವಿಟ್ಟು ಇದೊಂದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಬೆಕ್ಕಿನ ಉಗುರು, ಮೀಸೆ, ಕತ್ತಲೆಯಲ್ಲಿ ಹೊಳೆಯುವ ಕಣ್ಣು ಇವೆಲ್ಲ ಅದರ ಬದುಕಿಗೆ ಆಸರೆ ಎಂದು ಶಾಲೆಯ ಮಕ್ಕಳೂ ಹೇಳುತ್ತಾರೆ. ನೋವನ್ನು ಬಚ್ಚಿಡುವುದೂ ಹಾಗೆಯೇ ಅದಕ್ಕೆ ಹುಟ್ಟಿನಿಂದ ಬಂದ ಸಾಧನ. ಇಲಿಗೆ ಬೆಕ್ಕು ಬೇಟೆಗಾರನಾದರೂ ನರಿಗೆ, ದೊಡ್ಡ ಹದ್ದಿಗೆ ಅದೇ ಬೆಕ್ಕು ಊಟ. ಸಾವಿರಾರು ತಲೆಮಾರುಗಳಲ್ಲಿ ಕುಂಟುತ್ತಾ ಅಳುತ್ತಾ ಬಯಲಿಗೆ ಬಂದವು ಬೇಗ ಯಾರದೋ ಬಾಯಿಗೆ ಬಿದ್ದವು, ಬಾಯಿ ಮುಚ್ಚಿಕೊಂಡು ಪೊದೆ ಸೇರಿದವು ಮರಿ ಹಾಕಿದವು. ನಿಮ್ಮ ಸೋಫಾದ ಮೇಲೆ ಮಲಗಿರುವುದು ಆ ಬಾಯಿ ಮುಚ್ಚಿಕೊಂಡವುಗಳ ಸಂತಾನ. ನಾಯಿಯ ಪೂರ್ವಜರು ಗುಂಪಿನಲ್ಲಿ ಬಾಳಿದವು, ಅಲ್ಲಿ ಕುಂಯ್‌ಗುಟ್ಟಿದರೆ ಜೊತೆಯವರಾದರೂ ತಿರುಗಿ ನೋಡುತ್ತಿದ್ದರು. ಬೆಕ್ಕಿನ ಪೂರ್ವಜ ಒಂಟಿ ಬೇಟೆಗಾರ. ಅದು ಕೂಗಿದರೆ ಓಡಿ ಬರುವ ನೆಂಟರಿರಲಿಲ್ಲ, ಶತ್ರುವಿಗೆ ಮಾತ್ರ ಸುಳಿವು ಸಿಗುತ್ತಿತ್ತು.

ನಾವು ಅದನ್ನು ಹನ್ನೆರಡನೇ ಮಹಡಿಗೆ ತಂದು, ಕಿಟಕಿಗೆ ಜಾಳಿಗೆ ಹಾಕಿಸಿ, ಮೀನು ಬೇಯಿಸಿ ಕೊಟ್ಟರೂ ದೇಹ ಆ ಹಳೆಯ ಪಾಠವನ್ನು ಬಿಡುವುದಿಲ್ಲ. ಅದು ನಿಮ್ಮನ್ನು ನಂಬದೆ ಹಾಗೆ ಮಾಡುತ್ತಿದೆ ಎಂದು ಬೇಸರಪಡಬೇಡಿ. ಅದಕ್ಕೆ ಬೇರೆ ದಾರಿಯೇ ತಿಳಿಯದು.

ಕೂಗಿಗಾಗಿ ಕಾದರೆ ಏನಾಗುತ್ತದೆ ಎನ್ನುವುದಕ್ಕೆ ಬೊಳ್ಳನ ಕಥೆ ಹೇಳಬೇಕು. ಮಾಟುಂಗಾದಲ್ಲಿ ಬಹಳ ವರ್ಷ ಹೋಟೆಲ್ ನಡೆಸಿ ಈಗ ಮಗನ ಮನೆಯಲ್ಲಿರುವ ಹಿರಿಯರೊಬ್ಬರ ಬಿಳಿ ಗಂಡುಬೆಕ್ಕು ಅದು. ಭಾನುವಾರ ಫೋನ್ ಮಾಡಿದರು. ‘ಡಾಕ್ಟ್ರೇ, ಇದು ಮರಳಿನ ಟ್ರೇಗೆ ಹೋಗಿ ಕೂತ್ಕೊಳ್ತದೆ, ಬರ್ತದೆ, ಪುನಃ ಹೋಗ್ತದೆ. ಹೊಟ್ಟೆ ಕಟ್ಟಿದೆ ಕಾಣ್ತದೆ. ಸ್ವಲ್ಪ ಹರಳೆಣ್ಣೆ ಕೊಡ್ಲಾ?’ ಬೇಡ, ಈಗಲೇ ಕರೆದುಕೊಂಡು ಬನ್ನಿ ಎಂದೆ. ‘ಅಯ್ಯೋ, ಅಷ್ಟೇನಿಲ್ಲ, ಕೂಗ್ತಾ ಇಲ್ಲ’ ಎಂದು ಫೋನ್ ಇಟ್ಟರು. ಮಂಗಳವಾರ ಬೆಳಿಗ್ಗೆ ಟವೆಲಿನಲ್ಲಿ ಸುತ್ತಿ ತಂದಾಗ ಬೊಳ್ಳನಿಗೆ ತಲೆ ಎತ್ತಲೂ ಆಗುತ್ತಿರಲಿಲ್ಲ. ಹೊಟ್ಟೆ ಮುಟ್ಟಿದರೆ ಮೂತ್ರಕೋಶ ಮೂಸಂಬಿಯ ಹಾಗೆ ಗಟ್ಟಿಯಾಗಿ ಕೈಗೆ ಸಿಕ್ಕಿತು. ಮೂತ್ರದ ದಾರಿ ಪೂರ್ತಿ ಕಟ್ಟಿಹೋಗಿತ್ತು. ಹೊರಹೋಗಬೇಕಾದ ಪೊಟ್ಯಾಸಿಯಂ ರಕ್ತದಲ್ಲೇ ಏರಿ ಎದೆಬಡಿತ ನಿಧಾನವಾಗಿತ್ತು. ಹೀಗೆ ಕಟ್ಟಿಕೊಂಡ ಗಂಡುಬೆಕ್ಕು ಎರಡು ಮೂರು ದಿನದಲ್ಲಿ ಸತ್ತುಹೋಗಬಹುದು.

ಇಲ್ಲೂ ಕಾಡಿನ ಕಥೆಯೇ ಇದೆ. ಮನೆಬೆಕ್ಕಿನ ಮೂಲ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಒಣನೆಲದ ಕಾಡುಬೆಕ್ಕು. ಬೇಟೆಯ ಮಾಂಸದಲ್ಲಿರುವ ನೀರಿನಲ್ಲೇ ಹೆಚ್ಚುಕಡಿಮೆ ಬದುಕು ಸಾಗಿಸಬಲ್ಲ ಪ್ರಾಣಿ. ಅದರ ಮೂತ್ರಪಿಂಡ ಒಂದೊಂದು ಹನಿಯನ್ನೂ ಉಳಿಸಿ ಮೂತ್ರವನ್ನು ಬಹಳ ಗಾಢ ಮಾಡುತ್ತದೆ, ಬಾಯಾರಿಕೆಯೂ ಕಡಿಮೆ. ಮರುಭೂಮಿಯಲ್ಲಿ ಅದನ್ನು ಉಳಿಸಿದ ಈ ಗುಣ, ಬರೀ ಒಣ ಆಹಾರ ತಿಂದು ಬಟ್ಟಲಿನ ನೀರನ್ನು ಮೂಸಿ ಬಿಡುವ ಫ್ಲ್ಯಾಟಿನ ಬೆಕ್ಕಿಗೆ ಕೆಲವೊಮ್ಮೆ ತೊಡಕಾಗುತ್ತದೆ. ಗಂಡಿನ ಮೂತ್ರನಾಳವೋ ತೀರಾ ಕಿರಿದು. ಟ್ರೇಗೆ ಪದೇಪದೇ ಹೋಗಿ ಬರಿಗೈಯಲ್ಲಿ ಬರುವ ಗಂಡುಬೆಕ್ಕನ್ನು ಕಂಡರೆ ನಾಳೆಯವರೆಗೆ ಕಾಯಬೇಡಿ, ರಾತ್ರಿ ಎರಡು ಗಂಟೆಯಾದರೂ ಹೊರಡಿ.

ಬೊಳ್ಳನಿಗೆ ನಳಿಕೆ ಹಾಕಿ, ಡ್ರಿಪ್ ಕೊಟ್ಟು, ಮೂರು ದಿನ ಇಟ್ಟುಕೊಂಡೆವು. ಬದುಕಿತು. ಆ ಮೂರು ದಿನವೂ ಅವರು ಬೆಳಿಗ್ಗೆ ಲೋಕಲ್ ಹಿಡಿದು ಬಂದು ಬೋನಿನ ಮುಂದೆ ಸ್ಟೂಲ್ ಹಾಕಿಕೊಂಡು ಕೂತಿದ್ದರು.

ಹಾಗಾದರೆ ಏನನ್ನು ನೋಡಬೇಕು? ಅಭ್ಯಾಸ ಬದಲಾಗಿದೆಯೇ ಎಂದು ನೋಡಬೇಕು. ಇದನ್ನು ನಾನು ಕಾಲೇಜಿಗೆ ಹೋಗಿ ಕಲಿತದ್ದಲ್ಲ. ಪರೇಲಿನ ಪಶುವೈದ್ಯ ಕಾಲೇಜು 1886ರಷ್ಟು ಹಳೆಯದು, ಅಲ್ಲಿ ಕಲಿತದ್ದರ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಇದನ್ನು ಮೊದಲು ಕಂಡದ್ದು ಕುಂದಾಪುರದ ಕಡೆ ನಮ್ಮಜ್ಜಿಯ ಹಟ್ಟಿಯಲ್ಲಿ. ಬೆಳಗಾಗುತ್ತಲೇ ಅಜ್ಜಿ ದನಗಳ ಮೂತಿ ನೋಡುತ್ತಿದ್ದಳು. ಮೂತಿಯ ಮೇಲೆ ಹನಿ ಹನಿಯಾಗಿ ತೇವ ಇದ್ದರೆ ಸಮಾಧಾನ. ಒಣಗಿದ್ದರೆ ಅಲ್ಲೇ ನಿಂತು, ಮೆಲುಕು ಹಾಕುತ್ತಿದೆಯೋ ಇಲ್ಲವೋ ಎಂದು ಕಾಯುತ್ತಿದ್ದಳು. ‘ಅಕ್ಕಚ್ಚು ಮೂಸಿ ಬಿಟ್ಟಿತ್’ ಎಂದು ಅವಳು ಹೇಳಿದ ದಿನ ಅಜ್ಜ ಪೇಟೆಗೆ ಹೋಗಿ ದನದ ಡಾಕ್ಟರನ್ನು ಕರೆತರುತ್ತಿದ್ದ. ಹಸು ಕೂಗಿದ ಮೇಲೆ ಡಾಕ್ಟರನ್ನು ಕರೆದದ್ದು ನನಗೆ ನೆನಪಿಲ್ಲ.

ಬೆಕ್ಕಿನಲ್ಲಿ ಮೊದಲು ಬಿಟ್ಟುಹೋಗುವುದು ಸಣ್ಣಸಣ್ಣ ಕೆಲಸಗಳು. ಫ್ರಿಜ್ಜಿನ ಮೇಲೆ ಹಾರುತ್ತಿದ್ದದ್ದು ಈಗ ಕುರ್ಚಿಯವರೆಗೆ ಮಾತ್ರ. ಮೈ ನೆಕ್ಕಿಕೊಳ್ಳದೆ ಸೊಂಟದ ಮೇಲೆ ಕೂದಲು ಜಡೆಗಟ್ಟಿದೆ. ಬಾಗಿಲಿಗೆ ಬರುತ್ತಿದ್ದದ್ದು ಮಂಚದ ಕೆಳಗೇ ಇದೆ. ಬೆಕ್ಕು ದಿನಕ್ಕೆ ಹನ್ನೆರಡರಿಂದ ಹದಿನಾರು ಗಂಟೆ ಮಲಗುವುದು ಸಹಜ, ಅದಕ್ಕೆ ಗಾಬರಿಯಾಗಬೇಕಿಲ್ಲ. ಮಲಗುವ ಜಾಗ ಬದಲಾದರೆ ಗಮನಿಸಿ. ನೀರಿನ ಬಟ್ಟಲು ದಿಢೀರನೆ ಬೇಗ ಖಾಲಿಯಾಗತೊಡಗಿದರಂತೂ ತಡ ಮಾಡಬೇಡಿ. ಮೂತ್ರಪಿಂಡದ ಮೂರನೇ ಎರಡು ಭಾಗದಷ್ಟು ಕೆಲಸ ನಿಂತ ಮೇಲೆಯೇ ಹೊರಗೆ ಲಕ್ಷಣ ಕಾಣಿಸುವುದು.

ಗೊರಗೊರ ಸದ್ದು ಕೇಳಿ ‘ಖುಷಿಯಾಗಿದೆ’ ಎನ್ನಬೇಡಿ. ಹೆರುವಾಗಲೂ ನೋವಿನಲ್ಲೂ ಬೆಕ್ಕು ಆ ಸದ್ದು ಮಾಡುತ್ತದೆ. ಮುಖ ನೋಡುವುದು ಮೇಲು. ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಪಶುವೈದ್ಯರು 2019ರಲ್ಲಿ ಬೆಕ್ಕಿನ ಮುಖದಿಂದ ನೋವು ಅಳೆಯುವ ಕ್ರಮವೊಂದನ್ನು ಪ್ರಕಟಿಸಿದರು. ಕಿವಿ, ಕಣ್ಣು, ಮೂತಿ, ಮೀಸೆ, ತಲೆ ಇರುವ ಮಟ್ಟ, ಈ ಐದಕ್ಕೆ ಸೊನ್ನೆಯಿಂದ ಎರಡರವರೆಗೆ ಅಂಕ. ಹತ್ತಕ್ಕೆ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ಬಂದರೆ ನೋವಿನ ಔಷಧಿಯ ವಿಚಾರ ಮಾಡುತ್ತೇವೆ. ಕಿವಿ ಅಗಲಕ್ಕೆ ತಿರುಗಿ, ಕಣ್ಣು ಕಿರಿದಾಗಿ, ಮೀಸೆ ನೆಟ್ಟಗಾಗಿ, ತಲೆ ಹೆಗಲಿಗಿಂತ ಕೆಳಗಿಳಿದಿದ್ದರೆ ಆ ಬೆಕ್ಕು ತನ್ನ ಮಟ್ಟಿಗೆ ಜೋರಾಗಿಯೇ ಕೂಗುತ್ತಿದೆ. ಅಂಕ ಹಾಕಿ ನೀವೇ ಔಷಧಿ ಕೊಡಬೇಡಿ. ಮುಖ್ಯವಾಗಿ ಪ್ಯಾರಾಸಿಟಮಾಲ್ ಬೇಡ. ಮಾಂಸವನ್ನೇ ತಿಂದು ಬದುಕಿದ ಬೆಕ್ಕಿನ ಯಕೃತ್ತಿನಲ್ಲಿ ಅದನ್ನು ಕರಗಿಸಿ ಹೊರಹಾಕುವ ಕಿಣ್ವ ಇಲ್ಲವೆನ್ನುವಷ್ಟು ಕಡಿಮೆ. ಮನುಷ್ಯರ ಒಂದು ಮಾತ್ರೆ ಅದರ ಜೀವ ತೆಗೆಯಬಲ್ಲದು.

ಹಕ್ಕಿಗಳು ಬೆಕ್ಕಿಗಿಂತಲೂ ಗುಟ್ಟು. ಗರಿ ಉಬ್ಬಿಸಿ ಚೆಂಡಿನಂತೆ ಕೂತ ಬಡ್ಜಿ ಎಂಬ ಪುಟ್ಟ ಸಾಕುಗಿಳಿಯನ್ನು ‘ಎಷ್ಟು ಗುಂಡಗಿದೆ ನೋಡಿ’ ಎಂದು ತೋರಿಸುತ್ತಾರೆ. ಚಳಿ ತಡೆಯಲಾಗದೆ ಗಾಳಿಯನ್ನು ಗರಿಯೊಳಗೆ ಹಿಡಿದಿಟ್ಟುಕೊಂಡಿರುತ್ತದೆ ಅದು. ಗರಿ ಸರಿಸಿ ಎದೆಗೆ ಬೆರಳಿಟ್ಟರೆ ನಡುಮೂಳೆ ಚಾಕುವಿನ ಅಲಗಿನಂತೆ ತಾಗುತ್ತದೆ. ಮನೆಯಲ್ಲಿ ಅಡುಗೆಯ ಡಿಜಿಟಲ್ ತಕ್ಕಡಿ ಇದ್ದರೆ ವಾರಕ್ಕೊಮ್ಮೆ ತೂಗಿ. ಮೂವತ್ತೈದು ಗ್ರಾಂ ಹಕ್ಕಿಗೆ ನಾಲ್ಕು ಗ್ರಾಂ ಇಳಿದರೆ ಅದು ಸಣ್ಣ ಮಾತಲ್ಲ.

ಮೊಲದ ವಿಷಯದಲ್ಲಿ ನನಗೆ ಪಾಠ ಹೇಳಿದ್ದು ಠಾಣೆಯ ಆರನೇ ಕ್ಲಾಸಿನ ಹುಡುಗಿ. ಮೊಲದ ಕಣ್ಣು ತಲೆಯ ಎರಡು ಪಕ್ಕದಲ್ಲಿರುವುದರಿಂದ ಹಿಂದೆ ನಿಂತವರೂ ಅದಕ್ಕೆ ಕಾಣುತ್ತಾರೆ, ನೋಡುವವರಿದ್ದಾರೆ ಎಂದು ಗೊತ್ತಾದರೆ ಇನ್ನಷ್ಟು ಬಿಗಿಯಾಗಿ ಕೂರುತ್ತದೆ. ಅವಳು ಮೊಲವನ್ನು ನೋಡುತ್ತಾ ಕೂರಲಿಲ್ಲ, ಗೂಡು ಗುಡಿಸುವಾಗ ಹಿಕ್ಕೆ ನೋಡಿದಳು. ಏಳೂವರೆಗೆ ಫೋನ್. ‘ಆಂಟಿ, ಇವತ್ತು ಹಿಕ್ಕೆ ಕಮ್ಮಿ, ಅದೂ ಸಾಸಿವೆಗಿಂತ ಸ್ವಲ್ಪ ದೊಡ್ಡದು ಅಷ್ಟೇ.’ ಮೊಲದ ಕರುಳು ನಿಲ್ಲದೆ ನಡೆಯುತ್ತಿರಬೇಕು, ಅದಕ್ಕೆ ವಾಂತಿಯೂ ಆಗದು. ಅರ್ಧ ದಿನ ತಿನ್ನದಿದ್ದರೂ ತುರ್ತು. ಸಂಜೆ ಕರೆತಂದಿದ್ದರೆ ಉಳಿಸುತ್ತಿದ್ದೆನೋ ಇಲ್ಲವೋ ಹೇಳಲಾರೆ, ಒಂಬತ್ತಕ್ಕೆಲ್ಲ ತಂದರು, ಉಳಿಯಿತು.

ಈ ಹುಡುಗಿಯ ವಿಷಯವನ್ನು ಬೊಳ್ಳನ ಯಜಮಾನರಿಗೂ ಹೇಳಿದ್ದೆ. ಹೋದ ತಿಂಗಳು ಲಸಿಕೆಗೆ ಬಂದಾಗ ಮೊಬೈಲ್ ತೆಗೆದು ಗೋಡೆಯ ಕ್ಯಾಲೆಂಡರಿನ ಫೋಟೋ ತೋರಿಸಿದರು. ಹಾಲಿನ ಲೆಕ್ಕ ಬರೆಯುವ ಚೌಕಗಳಲ್ಲೇ ಪೆನ್ಸಿಲಿನಲ್ಲಿ ಟ್ರೇಯ ಲೆಕ್ಕವೂ ಇತ್ತು: ‘ಹಾಲು 1, ಬೊಳ್ಳ 3.’ ಒಂದು ಚೌಕದಲ್ಲಿ ಮಾತ್ರ ‘ಬೊಳ್ಳ 1’ ಎಂದು ಬರೆದು, ಸುತ್ತ ಎರಡು ಸಲ ಗೆರೆ ಎಳೆದಿದ್ದರು. ಅವತ್ತೇ ಮಧ್ಯಾಹ್ನ ಅವರು ಟವೆಲ್ ಸಮೇತ ಕ್ಲಿನಿಕ್ಕಿನಲ್ಲಿದ್ದರು.