ಹಡಗಿನ ಹಿಂದೆ ತಿರುಗುತ್ತಿದ್ದ ಹಗ್ಗ

ಹಳೆಯ ವಸ್ತುಗಳ ಮಾರಾಟದಲ್ಲಿ ಹಿತ್ತಾಳೆಯ ಒಂದು ಮೀಟರ್ ಆಗಾಗ ಕಾಣುತ್ತದೆ. ಗಡಿಯಾರದಂಥ ಮುಖ, 100ರವರೆಗೆ ಅಂಕಿ, 'ವಾಕರ್ಸ್ ಚೆರಬ್ ಲಾಗ್' ಎಂಬ ಹೆಸರು. ಇದನ್ನು ವೇಗ ಅಳೆಯುವ ಯಂತ್ರ ಅಂದುಕೊಳ್ಳುವವರೇ ಜಾಸ್ತಿ. ಅದು ತೋರಿಸುತ್ತಿದ್ದದ್ದು ಹಡಗು ಸಾಗಿದ ದೂರವನ್ನು.

ಗೊಂದಲ ಹೆಸರಿನಲ್ಲೇ ಇದೆ. ಲಾಗ್ ಅಂದರೆ ಮೊದಲು ಬರೀ ಮರದ ತುಂಡು. 16ನೇ ಶತಮಾನದ ನಾವಿಕರು ಅದನ್ನು ಹಗ್ಗಕ್ಕೆ ಕಟ್ಟಿ ನೀರಿಗೆ ಬಿಡುತ್ತಿದ್ದರು. ಮುಂದೆ ಹಗ್ಗದಲ್ಲಿ 47 ಅಡಿ 3 ಇಂಚಿಗೊಂದು ಗಂಟು ಹಾಕುವ ಲೆಕ್ಕ ಬಂತು. ಮರಳು ಗಡಿಯಾರದ 28 ಸೆಕೆಂಡಿನಲ್ಲಿ ಎಷ್ಟು ಗಂಟು ಹೊರಗೆ ಹೋದವೋ ಅಷ್ಟು ವೇಗ. ಹಡಗಿನ ವೇಗ ಹೇಳಲು ಇವತ್ತೂ ಬಳಸುವ 'ನಾಟ್' ಆ ಗಂಟೇ. ಅಳತೆ ಬರೆದಿಟ್ಟ ಪುಸ್ತಕ ಲಾಗ್‌ಬುಕ್ ಆಯಿತು. ನಾವು ದಿನಾ ಮಾಡುವ ಲಾಗಿನ್ ಕೂಡ ಅಲ್ಲಿಂದಲೇ ಬಂದದ್ದು.

ಆದರೆ ಎರಡು ಅಳತೆಗಳ ನಡುವೆ ಗಾಳಿ ಬದಲಾದರೆ? ಲೆಕ್ಕ ತಪ್ಪುತ್ತಿತ್ತು. 1802ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಮ್ಯಾಸಿ ತಾನೇ ಎಣಿಸುವ ಲಾಗ್‌ಗೆ ಪೇಟೆಂಟ್ ಪಡೆದರು. ನೀರಿನಲ್ಲಿ ತಿರುಗುವ ರೆಕ್ಕೆ, ಜೊತೆಗೊಂದು ಎಣಿಕೆಯ ಪೆಟ್ಟಿಗೆ. ಪೆಟ್ಟಿಗೆಯೂ ನೀರಿನಲ್ಲೇ ಇತ್ತು. ಓದಬೇಕೆಂದರೆ ಪ್ರತಿ ಸಲ ಎಲ್ಲವನ್ನೂ ಮೇಲೆಳೆಯಬೇಕು.

ಇದನ್ನು ಬಿಡಿಸಿದವರು ಮ್ಯಾಸಿಯ ಬಂಧುವೇ ಆದ ಬರ್ಮಿಂಗ್‌ಹ್ಯಾಮ್‌ನ ವಾಕರ್ ಕುಟುಂಬದವರು. 1878ರಲ್ಲಿ ಮೀಟರನ್ನು ಹಡಗಿನ ಹಿಂಬದಿಯ ಕಟಕಟೆಗೇ ತಂದು ಕೂರಿಸಿದರು. 1884ರಲ್ಲಿ ಚೆರಬ್ ಬಂತು. ದೂರದಲ್ಲಿ ರೆಕ್ಕೆ ತಿರುಗಿದರೆ ಉದ್ದನೆಯ ಹಗ್ಗವೂ ತಿರುಗುತ್ತದೆ, ಹಗ್ಗ ಮೀಟರಿನ ಹಲ್ಲುಚಕ್ರಗಳನ್ನು ತಿರುಗಿಸುತ್ತದೆ. ನಡುವೆ ಒಂದು ಭಾರದ ಚಕ್ರ, ತಿರುಗಾಟ ಜಗ್ಗದಂತೆ ನೋಡಿಕೊಳ್ಳಲು. ಹಗ್ಗ ಹೊಸೆದದ್ದಾಗಿದ್ದರೆ ಬಿಚ್ಚಿಕೊಳ್ಳುತ್ತದೆ, ಅದಕ್ಕೇ ಜಡೆಯಂತೆ ಹೆಣೆದ ಹಗ್ಗ. ನನಗೆ ಇದಕ್ಕಿಂತ ಚಂದದ ಉಪಾಯ ಗೊತ್ತಿಲ್ಲ.

ವಾಪಸ್ ಎಳೆಯುವುದಕ್ಕೂ ಕೈಚಳಕ ಬೇಕು. ಸುಮ್ನೆ ಎಳೆದರೆ ಹಗ್ಗವೆಲ್ಲ ಮುರಿ ಬಿದ್ದು ಗೋಜಲಾಗುತ್ತದೆ. ಮೀಟರಿನ ಕೊಕ್ಕೆಯಿಂದ ಬಿಡಿಸಿದ ತುದಿಯನ್ನು ಇನ್ನೊಂದು ಬದಿಯಿಂದ ನೀರಿಗೆ ಬಿಡುತ್ತಾ ರೆಕ್ಕೆಯನ್ನು ಒಳಗೆಳೆಯಬೇಕು. ಆಗ ಮುರಿಯೆಲ್ಲ ಕಳಚುತ್ತದೆ.

ಕೊರತೆಗಳೂ ಇದ್ದವು. ಕಳೆ ಸಿಕ್ಕಿಕೊಂಡರೆ ರೆಕ್ಕೆ ನಿಲ್ಲುತ್ತಿತ್ತು. ಕೆಲವೊಮ್ಮೆ ಶಾರ್ಕ್ ಅದನ್ನೇ ಕಚ್ಚುತ್ತಿತ್ತು. ಸಮುದ್ರದ ಪ್ರವಾಹ ಹಡಗನ್ನು ಹೊತ್ತೊಯ್ದರೆ ಆ ದೂರ ಮೀಟರಿಗೆ ತಿಳಿಯುತ್ತಿರಲಿಲ್ಲ. ಆಮೇಲೆ ಹಡಗಿನ ತಳದಲ್ಲೇ ಅಳೆಯುವ ವಿದ್ಯುತ್ ಲಾಗ್‌ಗಳು, ಕೊನೆಗೆ ಜಿಪಿಎಸ್ ಬಂದವು.

ಈಗ ಮಾರಾಟಕ್ಕೆ ಬರುವುದು ಹೆಚ್ಚಾಗಿ ಉಜ್ಜಿ ಹೊಳೆಸಿದ ಮೀಟರ್ ಮಾತ್ರ. ಹಗ್ಗ, ರೆಕ್ಕೆ ಎಲ್ಲಿ ಅಂತ ಕೇಳಿ ನೋಡಿ. ನೀರನ್ನು ಮುಟ್ಟಿ ಅಳೆದದ್ದು ಅವೇ ಅಲ್ವಾ?