ಫೋಲ್ಡರ್ ಒಳಗೆ ಫೋಲ್ಡರ್: ಪಾತ್ ಗೊಂದಲ ಶುರುವಾಗಿದ್ದೆಲ್ಲಿ?

ಉತ್ತರ ಕನ್ನಡ, ಅದರೊಳಗೆ ಹೊನ್ನಾವರ, ಅದರೊಳಗೆ ಊರು, ಅದರೊಳಗೆ ಸರ್ವೆ ನಂಬರ್. ಜಮೀನಿನ ಕಾಗದಪತ್ರ ಸ್ಕ್ಯಾನ್ ಮಾಡಿ ಇಡುವ ಸಾಫ್ಟ್‌ವೇರ್ ಸಾಮಾನ್ಯವಾಗಿ ಹೀಗೇ ಫೋಲ್ಡರ್ ಮಾಡುತ್ತಾ ಹೋಗುತ್ತದೆ. ಮೇಲಿನಿಂದ ಕೆಳಗಿನವರೆಗಿನ ಈ ಹೆಸರುಗಳ ಸಾಲೇ ಪಾತ್. ಮೇಲಿನ ಫೋಲ್ಡರ್ ಇಲ್ಲದಿದ್ದರೆ ಅದನ್ನೂ ಮಾಡಿಕೊಂಡೇ ಕೆಳಗಿಳಿಯಬೇಕು. ಇದನ್ನು ರಿಕರ್ಸಿವ್ ಆಗಿ ಡೈರೆಕ್ಟರಿ (ಅಂದರೆ ಫೋಲ್ಡರ್) ಮಾಡುವುದು ಅನ್ನುತ್ತಾರೆ. ಕೋಡ್ ನೋಡಿದರೆ ಒಂದೇ ಸಾಲು. ಆದರೂ ಶಿರಸಿಯಲ್ಲಿ ಕೂತು ಬರೆದವರ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಎಲ್ಲ ಟೆಸ್ಟ್ ಪಾಸಾದ ಮೇಲೂ ಕಾರವಾರದ ವಿಂಡೋಸ್ ಕಂಪ್ಯೂಟರಿನಲ್ಲಿ ಅದೇ ಸಾಲು ಕೈಕೊಡಬಹುದು.

ಕಾರಣ ಹಳೆಯದು. 1970ರ ಹೊತ್ತಿಗೆ ಬಂದ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಪಾತ್‌ನ ಹೆಸರುಗಳ ನಡುವೆ / ಹಾಕಿತು, ಲಿನಕ್ಸ್ ಇದೇ ಮಾದರಿಯದು. ವಿಂಡೋಸ್‌ಗೂ ಮೊದಲಿದ್ದ ಮೈಕ್ರೋಸಾಫ್ಟ್‌ನ ಡಾಸ್‌ನ ಮೊದಲ ಆವೃತ್ತಿಯಲ್ಲಿ ಫೋಲ್ಡರೇ ಇರಲಿಲ್ಲ. ಅಲ್ಲಿ / ಗುರುತು ಕಮಾಂಡ್‌ಗಳ ಆಯ್ಕೆ ಹೇಳಲು ಆಗಲೇ ಬಳಕೆಯಲ್ಲಿತ್ತು. 1983ರಲ್ಲಿ ಡಾಸ್ 2.0 ಫೋಲ್ಡರ್ ತಂದಾಗ \ ಗುರುತನ್ನು ಹಿಡಿಯಬೇಕಾಯಿತು. ಹಳೆಯ ಮ್ಯಾಕ್ ಕೋಲನ್ ಬಳಸಿತು. ಆಯಾ ಹೊತ್ತಿಗೆ ಪ್ರತಿಯೊಂದಕ್ಕೂ ಅದರದ್ದೇ ಕಾರಣ ಇತ್ತು. ಒಬ್ಬರಿಗೊಬ್ಬರು ಹೊಂದಿಸಿಕೊಳ್ಳುವ ಕೆಲಸ ಮಾತ್ರ ಮುಂದಿನವರಿಗೆ ಉಳಿಯಿತು.

ಇರುವುದನ್ನು ಬಿಟ್ಟು ಇಲ್ಲದ್ದನ್ನು ಮಾತ್ರ ಮಾಡು ಎನ್ನುವ ಸೌಕರ್ಯವೂ ನಿಧಾನವಾಗಿಯೇ ಬಂತು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಫೋಲ್ಡರ್ ಮೊದಲೇ ಇದ್ದರೂ ಪರವಾಗಿಲ್ಲ ಎಂದು ಹೇಳುವ ಅವಕಾಶ 2011ರಲ್ಲಿ ಸಿಕ್ಕಿತು. ಜಾವಾಸ್ಕ್ರಿಪ್ಟ್ ಕೋಡ್ ಓಡಿಸುವ ನೋಡ್ ಜೆಎಸ್‌ಗೆ ಈ ಸೌಕರ್ಯ ಬಂದಿದ್ದು 2018ರಲ್ಲಿ. ಅಲ್ಲಿಯವರೆಗೆ ಇದೆಯಾ ಅಂತ ನೋಡಿ, ಇಲ್ಲದಿದ್ದರೆ ಮಾಡುವ ಕೋಡನ್ನು ಎಷ್ಟೋ ಜನ ಕೈಯಾರೆ ಬರೆದರು. ನೋಡುವುದಕ್ಕೂ ಮಾಡುವುದಕ್ಕೂ ನಡುವೆ ಇನ್ನೊಂದು ಪ್ರೋಗ್ರಾಮ್ ಅದೇ ಫೋಲ್ಡರ್ ಮಾಡಿಬಿಟ್ಟರೆ ಎರರ್ ಬರುತ್ತಿತ್ತು.

ವಿಂಡೋಸ್‌ನಲ್ಲಿ ಪಾತ್‌ಗೆ ಒಂದೇ ರೂಪ ಇಲ್ಲ. ಸಿ:\ದಾಖಲೆ ಎಂದರೆ ಡ್ರೈವಿನ ಬುಡದಿಂದ. ಸಿ:ದಾಖಲೆ ಎಂದರೆ ಆ ಡ್ರೈವಿನಲ್ಲಿ ಸದ್ಯ ಎಲ್ಲಿದ್ದೇವೋ ಅಲ್ಲಿಂದ. \\ಸರ್ವರ್\ಶೇರ್\ದಾಖಲೆ ಎಂದರೆ ನೆಟ್‌ವರ್ಕ್‌ನಲ್ಲಿರುವುದು. ಇದರ ಮೊದಲ ಎರಡು ತುಂಡುಗಳನ್ನು ಫೋಲ್ಡರ್ ಅಂತ ಮಾಡಲು ಬರುವುದೇ ಇಲ್ಲ. ಪಾತ್ ಒಡೆದು ಒಂದೊಂದೇ ತುಂಡು ಮಾಡುತ್ತಾ ಹೋಗುವ ಕೋಡ್ ಇಲ್ಲೇ ಮುಗ್ಗರಿಸುತ್ತದೆ. ಮುಂದೆ \\?\ ಸೇರಿಸಿದರೆ ಸುಮಾರು 32,767 ಅಕ್ಷರದವರೆಗೆ ಪಾತ್ ಬೆಳೆಸಬಹುದು, ಆದರೆ ಆಗ / ಬರೆದರೆ ನಡೆಯುವುದಿಲ್ಲ. ಸೇರಿಸದಿದ್ದರೆ ಫೋಲ್ಡರ್ ಮಾಡಲು 248ರ ಮಿತಿ. 2016ರಲ್ಲಿ ವಿಂಡೋಸ್ 10 ಈ ಮಿತಿ ಸಡಿಲಿಸಿತು, ಆದರೆ ಸೆಟ್ಟಿಂಗ್ ಬದಲಿಸಬೇಕು, ಪ್ರೋಗ್ರಾಮ್ ಕೂಡ ಒಪ್ಪಿಗೆ ಸೂಚಿಸಿರಬೇಕು.

ಇಷ್ಟನ್ನು ಯಾವ ದೇಶದವರಾದರೂ ಎದುರಿಸುತ್ತಾರೆ. ನಮ್ಮ ಕಡೆಯ ತೊಂದರೆ ಬೇರೆ. ಹಳೆಯ ಬರಹ, ನುಡಿ ಫಾಂಟುಗಳ ಕಾಲದಲ್ಲಿ ಫೋಲ್ಡರ್ ಹೆಸರು ಇಂಗ್ಲಿಷ್‌ನಲ್ಲೇ ಇರುತ್ತಿತ್ತು, ಬೇರೆ ದಾರಿ ಇರಲಿಲ್ಲ. ಎಲ್ಲ ಲಿಪಿಗಳ ಅಕ್ಷರಗಳಿಗೂ ಸಂಕೇತ ಕೊಡುವ ಯೂನಿಕೋಡ್ ಬಂದ ಮೇಲೆ ಕನ್ನಡದಲ್ಲೇ ಹೆಸರಿಡುವುದು ಸಲೀಸಾಯಿತು. ಟೆಸ್ಟ್‌ಗಳು ಮಾತ್ರ ಹಳೆಯ ಇಂಗ್ಲಿಷ್ ಹೆಸರುಗಳಲ್ಲೇ ಉಳಿದವು.

ಹೊನ್ನಾವರವನ್ನೇ ನೋಡಿ. ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಕಂಪ್ಯೂಟರಿಗೆ 8 ಸಂಕೇತ. ‘ನ್ನಾ’ ಒಂದಕ್ಕೇ 4. ವಿಂಡೋಸ್‌ನ 248 ತುಂಬುವುದು ಈ ಲೆಕ್ಕದಲ್ಲಿ. ಲಿನಕ್ಸ್‌ನ ಹೆಚ್ಚಿನ ಫೈಲ್ ಸಿಸ್ಟಮ್‌ಗಳಲ್ಲಿ (ಡಿಸ್ಕಿನಲ್ಲಿ ಫೈಲ್ ಜೋಡಿಸಿಡುವ ವ್ಯವಸ್ಥೆ) ಒಂದು ಹೆಸರಿಗೆ 255 ಬೈಟ್ ಮಿತಿ, ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್. ಅಂದರೆ ಹೆಚ್ಚೆಂದರೆ 85 ಸಂಕೇತ. ಊರು, ಖಾತೆದಾರರ ಹೆಸರು, ಮನೆತನ ಎಲ್ಲ ಸೇರಿಸಿ ಉದ್ದ ಹೆಸರಿಡುವ ಅಭ್ಯಾಸಕ್ಕೆ ಇದು ಸಾಲುವುದಿಲ್ಲ.

ಇನ್ನೂ ಸೂಕ್ಷ್ಮದ್ದು ‘ಹೊ’. ಅದರ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು, ಎರಡಾಗಿ ಒಡೆದೂ ಬರೆಯಬಹುದು. ಪರದೆಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಮ್ಯಾಕ್‌ನ ಹಳೆಯ ಫೈಲ್ ಸಿಸ್ಟಮ್ ಎಚ್‌ಎಫ್‌ಎಸ್ ಪ್ಲಸ್ ಒಡೆದೇ ಇಡುತ್ತಿತ್ತು. ವಿಂಡೋಸ್ ಮತ್ತು ಲಿನಕ್ಸ್ ಕೊಟ್ಟಿದ್ದನ್ನು ಕೊಟ್ಟ ಹಾಗೇ ಇಡುತ್ತವೆ. ಹಾಗಾಗಿ ಹಳೆಯ ಮ್ಯಾಕ್‌ನಿಂದ ಬಂದ ಹೊನ್ನಾವರ ಒಂದು, ಇಲ್ಲಿ ಟೈಪ್ ಮಾಡಿದ ಹೊನ್ನಾವರ ಇನ್ನೊಂದು, ಅಕ್ಕಪಕ್ಕ ಎರಡು ಫೋಲ್ಡರ್. ದಾಖಲೆ ಅರ್ಧ ಅಲ್ಲಿ, ಅರ್ಧ ಇಲ್ಲಿ. ಎರರ್ ಬರುವುದೇ ಇಲ್ಲ, ಅದೇ ಕಷ್ಟ ಅಲ್ವಾ? ಅಂಕೋಲಾ, ಗೋಕರ್ಣ, ಜೋಯಿಡಾಕ್ಕೂ ಇದೇ ಪಾಡು. ಶಿರಸಿ, ಕಾರವಾರದಲ್ಲಿ ಹಾಗೆ ಒಡೆಯುವ ಚಿಹ್ನೆ ಇಲ್ಲ, ಸುಮ್ನೆ ಆ ಎರಡು ಹೆಸರು ಹಾಕಿ ಟೆಸ್ಟ್ ಮಾಡಿದರೆ ಏನೂ ಗೊತ್ತಾಗುವುದಿಲ್ಲ.

ಹೆಸರಿನ ಕೊನೆಯ ಚುಕ್ಕಿಯನ್ನೂ ನೋಡಬೇಕು. ತಾಲ್ಲೂಕಿಗೆ ‘ತಾ.’ ಎಂದು ಬರೆಯುವುದು ನಮ್ಮ ರೂಢಿ. ‘ಕುಮಟಾ ತಾ.’ ಎಂದು ಫೋಲ್ಡರ್ ಮಾಡಲು ಹೇಳಿದರೆ ವಿಂಡೋಸ್ ಕೊನೆಯ ಚುಕ್ಕಿ ಕಿತ್ತುಹಾಕಿ, ಕೆಲಸ ಆಯಿತು ಎನ್ನುತ್ತದೆ. \\?\ ಬಳಸಿದರೆ ಚುಕ್ಕಿ ಉಳಿಯುತ್ತದೆ, ಆಮೇಲೆ ಸಾಮಾನ್ಯ ಪಾತ್ ಕೊಟ್ಟು ಅದನ್ನು ತೆರೆಯಲು ಆಗುವುದಿಲ್ಲ. ಹಾಗಾಗಿ ಫೋಲ್ಡರ್ ಆಯಿತಾ ಎಂದಷ್ಟೇ ಕೇಳುವ ಟೆಸ್ಟ್ ಸಾಲದು. ಮಾಡಿದ ಮೇಲೆ ಮೇಲಿನ ಫೋಲ್ಡರಿನ ಪಟ್ಟಿ ತೆಗೆದು, ನಾವು ಕೊಟ್ಟ ಹೆಸರೇ ಅಲ್ಲಿದೆಯಾ ಎಂದು ಒಂದೊಂದು ಸಂಕೇತ ತಾಳೆ ನೋಡಬೇಕು. ಅದೂ ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ.