ನಾಲಿಗೆ ಚಾಚಿದರೆ ಮೇಲೇರುವ ಗಂಟು

ಮಗುವಿನ ಕುತ್ತಿಗೆಯ ನಟ್ಟನಡುವೆ, ಗದ್ದದಿಂದ ಕೊಂಚ ಕೆಳಗೆ, ಗಂಟೊಂದು ಕಂಡಿತೆನ್ನಿ. ನೋವಿಲ್ಲ, ಜ್ವರವಿಲ್ಲ. ಅಪ್ಪ ಅಮ್ಮನ ತಲೆಯಲ್ಲಿ ಅಷ್ಟು ಹೊತ್ತಿಗೆ ಕ್ಯಾನ್ಸರ್ ಸುಳಿದುಹೋಗಿರುತ್ತದೆ. ಮಕ್ಕಳ ಸರ್ಜನ್ ಮಾತ್ರ ಗಂಟಿನ ಮೇಲೆ ಎರಡು ಬೆರಳಿಟ್ಟು, "ಎಲ್ಲಿ ಪುಟ್ಟಾ, ನಾಲಿಗೆ ಚಾಚು ನೋಡೋಣ" ಅನ್ನುತ್ತಾರೆ. ಬೆರಳಡಿಯ ಗಂಟು ಸರಕ್ಕನೆ ಮೇಲಕ್ಕೆ ಸರಿದರೆ ಅರ್ಧ ಉತ್ತರ ಸಿಕ್ಕಿತು. ಇಷ್ಟು ಅಗ್ಗದ, ಇಷ್ಟು ಸೊಗಸಾದ ಪರೀಕ್ಷೆ ವೈದ್ಯಕೀಯದಲ್ಲಿ ಹೆಚ್ಚಿಲ್ಲ.

ಥೈರಾಯ್ಡ್ ಗ್ರಂಥಿ ಹುಟ್ಟುವುದು ಕುತ್ತಿಗೆಯಲ್ಲಲ್ಲ, ನಾಲಿಗೆಯ ಬುಡದಲ್ಲಿ. ಭ್ರೂಣಕ್ಕೆ ನಾಲ್ಕನೆಯ ವಾರ ನಡೆಯುವಾಗ ಅಲ್ಲಿ ಮೊಳೆತು, ಜೇಡ ನೂಲು ಬಿಡುತ್ತ ಸೂರಿನಿಂದ ಇಳಿಯುವಂತೆ, ಬೆನ್ನಿಗೊಂದು ಸಣ್ಣ ನಾಳ ಬಿಡುತ್ತ ಇಳಿಯುತ್ತದೆ. ಏಳನೆಯ ವಾರದ ಹೊತ್ತಿಗೆ ಶ್ವಾಸನಾಳದ ಮುಂದೆ ತನ್ನ ಜಾಗ ಹಿಡಿಯುತ್ತದೆ. ನಾಳದ ಕೆಲಸ ಮುಗಿಯಿತು, ಅದು ಕರಗಬೇಕು. ಕರಗದೆ ಒಂದು ತುಣುಕು ಉಳಿದರೆ ಅದರ ಒಳಪೊರೆ ರಸ ಒಸರಿ ಉಬ್ಬುತ್ತದೆ. ಅದೇ ಥೈರೋಗ್ಲಾಸಲ್ ಸಿಸ್ಟ್. ಇಳಿಯುವ ದಾರಿಯಲ್ಲಿ ಹಯಾಯ್ಡ್ ಎಂಬ ಲಾಳಾಕಾರದ ಪುಟ್ಟ ಮೂಳೆಯಿದೆ. ನಾಲಿಗೆಯ ಸ್ನಾಯುಗಳು ಅದನ್ನು ಹಿಡಿದುಕೊಂಡಿವೆ, ನಾಳದ ಅವಶೇಷವೂ ಅದಕ್ಕೇ ಅಂಟಿಕೊಂಡಿರುತ್ತದೆ. ನಾಲಿಗೆ ಮುಂದೆ ಬಂದರೆ ಮೂಳೆ ಮೇಲೇರುತ್ತದೆ, ಮೂಳೆಯ ಜೊತೆ ಗಂಟೂ. ಥೈರಾಯ್ಡಿನದೇ ಗಂಟಾದರೆ ನುಂಗುವಾಗ ಏರುತ್ತದೆ, ನಾಲಿಗೆಗೆ ಜಗ್ಗುವುದಿಲ್ಲ.

ಇದು ತಿಳಿಯದ ಕಾಲದಲ್ಲಿ ಬರೀ ಗಂಟನ್ನು ಕಿತ್ತು ಹೊಲಿಗೆ ಹಾಕುತ್ತಿದ್ದರು. ಅದು ಮತ್ತೆ ಮತ್ತೆ ಮರಳುತ್ತಿತ್ತು. ಅಮೆರಿಕದ ಮೇಯೊ ಕ್ಲಿನಿಕ್ಕಿನ ವಾಲ್ಟರ್ ಸಿಸ್ಟ್ರಂಕ್ 1920ರಲ್ಲಿ ಹಯಾಯ್ಡಿನ ನಡುಭಾಗವನ್ನೂ ನಾಲಿಗೆಯ ಬುಡದವರೆಗಿನ ನಾಳವನ್ನೂ ಸೇರಿಸಿ ತೆಗೆಯುವ ವಿಧಾನ ವಿವರಿಸಿದರು. ಇಂದಿಗೂ ಮಾಡುವುದು ಅದನ್ನೇ. ಕತ್ತರಿಸುವ ಮುನ್ನ ಒಂದು ಸೋನೋಗ್ರಫಿ ಮಾತ್ರ ಆಗಲೇಬೇಕು. ಅಪರೂಪಕ್ಕೆ ಥೈರಾಯ್ಡ್ ಅರ್ಧದಾರಿಯಲ್ಲೇ ನಿಂತು, ಆ ಗಂಟೇ ಮಗುವಿಗಿರುವ ಏಕೈಕ ಥೈರಾಯ್ಡ್ ಆಗಿರಬಹುದು. ತೆಗೆದರೆ ಜೀವಮಾನವಿಡೀ ಮಾತ್ರೆ.

ಇಷ್ಟೆಲ್ಲ ಹೇಳಿದ ಮೇಲೆ ಒಪ್ಪಿಕೊಳ್ಳಬೇಕಾದ್ದು: ಬಹುಪಾಲು ಗಂಟುಗಳಿಗೆ ಇಂಥ ಚೆಂದದ ಕಥೆಯಿಲ್ಲ. ಅವು ಕುತ್ತಿಗೆಯ ಪಕ್ಕದಲ್ಲಿರುತ್ತವೆ, ಸೋಂಕಿಗೆ ಊದಿದ ದುಗ್ಧಗ್ರಂಥಿಗಳಾಗಿರುತ್ತವೆ (ಲಿಂಫ್ ನೋಡ್). ಕತ್ತಿನ ಹಿಂದಿದ್ದರೆ ತಲೆಯಲ್ಲಿ ಹೇನು, ಹುಣ್ಣು ಹುಡುಕಿ. ದವಡೆಯಡಿ ಇದ್ದರೆ ಹುಳುಕು ಹಲ್ಲು, ದವಡೆಯ ಮೂಲೆಯಲ್ಲಿದ್ದರೆ ಟಾನ್ಸಿಲ್. ಕೈಗೆ ಸಿಕ್ಕುವ ಒಂದು ಸೆಂಟಿಮೀಟರಿನೊಳಗಿನ, ಮೆತ್ತನೆಯ, ಜಾರುವ ಗ್ರಂಥಿ ಓಡಾಡುವ ಮಕ್ಕಳಲ್ಲಿ ಸಾಮಾನ್ಯ. ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ.

ತಾನಾಗಿ ಇಳಿಯುವುದೇ ಮಂತ್ರವಾದಿಗಳ ಬಂಡವಾಳ. ಗಂಡಮಾಲೆಯನ್ನು, ಅಂದರೆ ಕುತ್ತಿಗೆಯ ಗ್ರಂಥಿಗಳು ಮಾಲೆಯಂತೆ ಊದುವ, ಹೆಚ್ಚಾಗಿ ಕ್ಷಯದಿಂದ ಬರುವ ರೋಗವನ್ನು, ಹಳೆಯ ಆಯುರ್ವೇದ ಗ್ರಂಥಗಳೇ ವರ್ಣಿಸುತ್ತವೆ. ಯುರೋಪಿನಲ್ಲಿ ಈ ರೋಗವನ್ನು ವಾಸಿ ಮಾಡಲು ರಾಜರು ಮುಟ್ಟುತ್ತಿದ್ದರು. ಮುಂದೆ ಇಂಗ್ಲಿಷ್ ನಿಘಂಟು ರಚಿಸಿದ ಸ್ಯಾಮ್ಯುಯೆಲ್ ಜಾನ್ಸನ್‌ನನ್ನು 1712ರಲ್ಲಿ, ಎರಡೂವರೆ ವರ್ಷದ ಕೂಸಾಗಿದ್ದಾಗ, ತಾಯಿ ಲಂಡನ್ನಿಗೆ ಹೊತ್ತೊಯ್ದು ರಾಣಿ ಆ್ಯನ್ ಕೈಯಲ್ಲಿ ಮುಟ್ಟಿಸಿದಳು. ರಾಣಿ ಕೊಟ್ಟ ಪದಕವನ್ನು ಆತ ಬದುಕಿಡೀ ಕೊರಳಲ್ಲಿ ಧರಿಸಿದ. ರೋಗದ ಕಲೆಯೂ ಅದೇ ಕೊರಳಲ್ಲಿ ಉಳಿಯಿತು! ನಮ್ಮಲ್ಲಿ ರಾಣಿಯ ಬದಲು ತಾಯತ, ಸೊಪ್ಪಿನ ಪಟ್ಟು, ಕೆಲವೆಡೆ ಕಾಸಿದ ಕಬ್ಬಿಣದ ಬರೆ. ನೆಗಡಿಯ ಗ್ರಂಥಿ ಹೇಗೂ ಇಳಿಯುತ್ತಿತ್ತು; ಕೀರ್ತಿ ಬರೆಗೆ, ಗಾಯ ಮಗುವಿಗೆ.

ಕ್ಷಯದ ಗ್ರಂಥಿ ಹಾಗಲ್ಲ. ವಾರಗಟ್ಟಲೆ ಉಳಿಯುತ್ತದೆ, ಒಂದಕ್ಕೊಂದು ಅಂಟಿ ಗೊಂಚಲಾಗುತ್ತದೆ, ಕೀವಾದರೂ ಮುಟ್ಟಿದರೆ ಬಿಸಿಯಿರುವುದಿಲ್ಲ. ಅದನ್ನು ಬಾವೆಂದು ಸೀಳಿದರೆ ತಿಂಗಳುಗಟ್ಟಲೆ ಸೋರುವ ತೂತು ಉಳಿಯಬಹುದು. ಸೂಜಿಯಿಂದ ಒಂದಿಷ್ಟು ಹೀರಿ ಪರೀಕ್ಷಿಸುವುದು ಸರಿದಾರಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಷಯದ ಔಷಧಿ ಉಚಿತ.

ನನಗೆ ಬರೆಗಿಂತ ಹೆಚ್ಚು ಭಯ ಹುಟ್ಟಿಸುವುದು ಇನ್ನೊಂದು: ಕಾರಣ ತಿಳಿಯುವ ಮೊದಲೇ ಗಂಟು ಕರಗಲೆಂದು ಕೊಡುವ ಸ್ಟೀರಾಯ್ಡ್. ರಕ್ತದ ಕ್ಯಾನ್ಸರ್ ಮತ್ತು ಲಿಂಫೋಮಾ (ದುಗ್ಧಗ್ರಂಥಿಗಳ ಕ್ಯಾನ್ಸರ್) ಜೀವಕೋಶಗಳು ಅದಕ್ಕೆ ಕರಗಿಬಿಡುತ್ತವೆ, ಸ್ವಲ್ಪ ಕಾಲ. ಮನೆಯವರಿಗೆ ಸಮಾಧಾನ. ಗಂಟು ಮರಳಿದಾಗ ರೋಗ ಮುಂದುವರಿದಿರುತ್ತದೆ. ಔಷಧಿಯ ಪ್ರಭಾವ ಇರುವಾಗಲೇ ತುಣುಕು ತೆಗೆದು ನೋಡಿದರೆ ರೋಗವೇ ಕಾಣದಿರಬಹುದು. ಕಾಲರ್ ಮೂಳೆಯ ಮೇಲಿನ ಗಂಟು, ಎರಡು ಸೆಂಟಿಮೀಟರ್ ದಾಟಿ ಬೆಳೆಯುತ್ತಲೇ ಇರುವ ಗಟ್ಟಿ ಗಂಟು, ಗಂಟಿನ ಜೊತೆ ಬಿಳಿಚಿಕೊಂಡ ಮುಖ, ಇಳಿಯುವ ತೂಕ, ರಾತ್ರಿಯ ಬೆವರು: ಇವುಗಳಲ್ಲಿ ಒಂದಿದ್ದರೂ ಕಾಯಬಾರದು. ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ ಎನ್ನುವ ಮಗುವಿಗಂತೂ ಅರಿವಳಿಕೆ ಕೊಡುವ ಮುನ್ನ ಎದೆಯ ಎಕ್ಸ್‌ರೇ ಆಗಲೇಬೇಕು: ಕುತ್ತಿಗೆಯಲ್ಲಿ ಕಂಡದ್ದು ಸಣ್ಣದಿದ್ದು, ಶ್ವಾಸನಾಳವನ್ನು ಒತ್ತುತ್ತಿರುವ ದೊಡ್ಡ ಗಡ್ಡೆ ಎದೆಯೊಳಗಿರಬಹುದು.